ಕಾಂತಕ್ಕನೊಡನೆ ಬೂದುಗುಂಬಳದ ರಸ

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಜೊತೆ ಜುಬ್ಬ ಪೈಜಾಮ ಇದೆ. ತೆಳು ಹಸಿರು ಬಣ್ಣ, ಒರಟು ಹತ್ತಿ ಬಟ್ಟೆ, ಸೊಂಟಕ್ಕೆ ಲಾಡಿ. ನನ್ನಂಥ ಕಡ್ಡಿಗಳು ಇಬ್ಬರು ಅದರೊಳಗೆ ಸಲೀಸಾಗಿ ಸಂಸಾರ ಹೂಡಬಹುದು. ಮೊನ್ನೆ ಬೀರು ಜೋಡಿಸುವಾಗ ನಮ್ಮ ಮನೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಸ್ಕೂಟರ್ ಒರೆಸಕ್ಕೆ ತಗೊಳ್ಳಾ?" ಎಂದರು. ನಾನು ಕೈಯಿಂದ ಕಿತ್ತುಕೊಂಡೆ. ಕಿತ್ತುಕೊಂಡ ವೇಗಕ್ಕೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಪಾಪ, ಅವರಿಗೇನು ಗೊತ್ತು! ಆರೋಗ್ಯ ಸಂಪಾದಿಸಬೇಕು ಅಂತಲೇ ನಾನು ಜೀವಮಾನದಲ್ಲಿ ಕೈಗೊಂಡ ಮೊದಲ ಪ್ರವಾಸದ ಸಮವಸ್ತ್ರ ಅದು.

ಆಗ ನಾನು ಚಿಕ್ಕಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಡಂ. ನಮ್ಮೂರು ಜಿಲ್ಲಾ ಕೇಂದ್ರ ಅನ್ನಿಸಿಕೊಂಡು ಎರಡು ವರ್ಷವಾಗಿತ್ತು. ಊರಿಗೆ ಜಿಲ್ಲಾಧಿಕಾರಿ ಬಂದರು, ಹೊಸ ಹೊಸ ಕಚೇರಿ ಬಂದವು, ಅದೇ ಹೊತ್ತಿಗೆ ನನಗೆ ಬಿ.ಪಿ.ಯೂ ಬಂತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಬಿಡಿ. ನಮ್ಮ ಮುಖ್ಯೋಪಾಧ್ಯಾಯರು ನಿವೃತ್ತರಾದರು, ಬದಲಿಗೆ ಯಾರೂ ಬರಲಿಲ್ಲ, ಪ್ರಭಾರ ನನ್ನ ತಲೆಗೆ ಬಿತ್ತು. ಮಕ್ಕಳಿಗೆ ಸೈಕಲ್ ಹಂಚುವುದು, ಬಿಸಿಯೂಟದ ಅಕ್ಕಿ, ಸೋರುವ ಎಂಟನೇ ತರಗತಿ ಕೊಠಡಿ, ಎಲ್ಲವೂ ರಾತ್ರಿ ನನ್ನ ಜೊತೆಯೇ ಮಲಗುತ್ತಿದ್ದವು. ಅವು ನಿದ್ದೆ ಮಾಡುತ್ತಿದ್ದವು, ನಾನು ಮಾಡುತ್ತಿರಲಿಲ್ಲ. ಹತ್ತನೇ ತರಗತಿಯ ಮೌಲ್ಯಮಾಪನ ಮುಗಿಸಿ ಬಂದ ದಿನ ಒಲೆಯ ಮುಂದೆ ನಿಂತವಳಿಗೆ ಕಣ್ಣು ಕತ್ತಲೆ ಕಟ್ಟಿತು. ಡಾಕ್ಟರು ಪಟ್ಟಿ ಸುತ್ತಿ ನೋಡಿ, "ಬಿ.ಪಿ. ಗಡಿಯಲ್ಲಿದೆ ಮೇಡಂ. ಈಗ್ಲೇ ಮಾತ್ರೆ ಬೇಡ. ರಜಾದಲ್ಲಿ ಹತ್ತು ದಿನ ಎಲ್ಲಾದ್ರೂ ಹೋಗ್ಬನ್ನಿ. ಅಡುಗೆ ಇರಬಾರ್ದು, ಪೇಪರ್ ತಿದ್ದೋದು ಇರಬಾರ್ದು. ಹಂಗೇ ಬಿಟ್ರೆ ಮುಂದಿನ ವರ್ಷ ಮಾತ್ರೆ ಡಬ್ಬಿ ಹಿಡ್ಕೊಂಡೇ ಕ್ಲಾಸಿಗೆ ಹೋಗ್ತೀರ" ಎಂದರು.

ನನಗೆ ಭಯಕ್ಕಿಂತ ಖುಷಿಯೇ ಜಾಸ್ತಿಯಾಯಿತು. ಡಾಕ್ಟರೇ ಹೇಳಿದ ಮೇಲೆ ಇನ್ನೇನು! ಮನೆಗೆ ಬಂದವಳೇ ಹಳೆಯ ಭಾನುವಾರದ ಪುರವಣಿಗಳನ್ನೆಲ್ಲ ಹರಡಿಕೊಂಡು ಕೂತೆ. ಕೇರಳದ್ದೊಂದು ಚಿತ್ರವಿತ್ತು. ಹಣೆಯ ಮೇಲೆ ಎಣ್ಣೆ ಧಾರೆಯಾಗಿ ಇಳಿಯುತ್ತಿದೆ, ಹೆಂಗಸೊಬ್ಬಳು ಕಣ್ಣು ಮುಚ್ಚಿ ಮಲಗಿದ್ದಾಳೆ, ಕಿವಿಯ ಪಕ್ಕ ಒಂದು ಕೆಂಪು ದಾಸವಾಳ. ಆ ದಾಸವಾಳಕ್ಕೆ ನಾನು ಮರುಳಾದೆ. ಇನ್ನೊಂದು, ಸಮುದ್ರದ ದಂಡೆಯಲ್ಲಿ ಯೋಗ. ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋಗಿ ಇನ್ನಷ್ಟು ಚಿತ್ರಗಳನ್ನು ಪ್ರಿಂಟ್ ಹಾಕಿಸಿ ತಂದೆ. ಒಂದು ನೋಟ್ ಬುಕ್ಕಿಗೆ ಗೀಟು ಎಳೆದು ಬೆಟ್ಟ, ನೀರು, ಊಟ, ಕಿಟಕಿ ಎಂದು ಅಂಕ ಕೊಡತೊಡಗಿದೆ. ಕಿಟಕಿಗೂ ಅಂಕ! ಮೇಡಂ ಬುದ್ಧಿ ಎಲ್ಲಿಗೆ ಹೋಗುತ್ತದೆ.

ಆ ಪುಸ್ತಕವನ್ನು ನಮ್ಮ ಗಣಿತದ ಮೇಡಂ ಶಾಹಿದಾಗೆ ತೋರಿಸಿದೆ. ಆಕೆ ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಮನೆಯವರದು ರೇಷ್ಮೆ ನೂಲು ತೆಗೆಯುವ ಕಸುಬು. ಅವಳ ಬ್ಯಾಗು ತೆರೆದರೆ ಟಿಫಿನ್ನಿನ ಬಿರಿಯಾನಿ ವಾಸನೆಯ ಜೊತೆಗೆ ಬೆಂದ ಗೂಡಿನ ವಾಸನೆಯೂ ಒಂದಿಷ್ಟು ಬರುತ್ತಿತ್ತು. ನನ್ನ ಜೊತೆ ಹತ್ತು ದಿನ ಬರುವುದಾಗಿ ಒಪ್ಪಿಕೊಂಡಿದ್ದಳು. ಪುಟ ತಿರುವಿ ನೋಡಿ ನಕ್ಕಳು.

"ವಿಮಲಾ ಮೇಡಂ, ಇದೇನು ಮದ್ವೆ ಸೀರೆ ಆರಿಸ್ದಂಗೆ ಆರಿಸಿದೀರ. ಮೊದ್ಲು ಇದು ಹೇಳಿ, ನಿಮ್ಗೆ ಏನಾಗ್ಬೇಕು? ಬಿ.ಪಿ. ಇಳೀಬೇಕಾ, ನಿದ್ದೆ ಬರ್ಬೇಕಾ, ಇಲ್ಲಾ ಮನೆಯಿಂದ ತಪ್ಪಿಸ್ಕೊಬೇಕಾ?"

"ಮೂರೂ."

"ಅರೆ, ಒಂದೇ ಸಮೀಕರಣ, ಮೂರು ಅವ್ಯಕ್ತ! ಹೆಂಗೆ ಬಿಡಿಸೋದು? ಒಂದನ್ನ ಹಿಡ್ಕೊಳ್ಳಿ. ಆಮೇಲೆ, ಎರಡು ದಿನ ರೈಲಲ್ಲಿ ಒದ್ದಾಡಿ ಹೋಗಿ ಸುಸ್ತು ಕಳ್ಕೊಳ್ಳೋದು ಎಂಥ ಲೆಕ್ಕ? ಹತ್ರದ್ದು ನೋಡಿ."

ಹತ್ತಿರದ್ದು ಅಂದರೆ ಗೌರಿಬಿದನೂರಿನಿಂದ ಆಚೆ, ನಗರಗೆರೆ ಕಡೆಗೆ, ಗುಡ್ಡದ ಬುಡದಲ್ಲಿದ್ದ ಒಂದು ಪ್ರಕೃತಿ ಚಿಕಿತ್ಸಾಲಯ. ನನ್ನ ಪುಸ್ತಕದಲ್ಲಿ ಅದಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕ ಬಿದ್ದಿತ್ತು. ಸಮುದ್ರವಿಲ್ಲ, ದಾಸವಾಳವಿಲ್ಲ. ಮೇಲಾಗಿ ನಗರಗೆರೆ ನನ್ನ ಅಜ್ಜಿಯ ಊರು. ಆ ಹೆಸರು ಕೇಳಿದರೆ ಸಾಕು, ಈಗಲೂ ನನ್ನ ನಾಲಿಗೆಯ ಬುಡದಲ್ಲಿ ಹರಳೆಣ್ಣೆ ಬರುತ್ತದೆ.

ನೀವೂ ಕುಡಿದಿರಬೇಕು. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದ ಮೊದಲ ಭಾನುವಾರ ಮೊಮ್ಮಕ್ಕಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಅಜ್ಜಿಯ ಒಂದು ಕೈಯಲ್ಲಿ ಬಿಸಿ ಕಾಫಿಗೆ ಬೆರೆಸಿದ ಹರಳೆಣ್ಣೆಯ ಲೋಟ, ಇನ್ನೊಂದು ಕೈಯಲ್ಲಿ ನಮ್ಮ ಮೂಗು. "ತಾಗವೇ, ತಾಗು" ಎಂದು ಅಜ್ಜಿ ತೆಲುಗಿನಲ್ಲಿ ಗದರುತ್ತಿದ್ದಳು. ಕುಡಿ ಎನ್ನುವುದಕ್ಕೆ ಇಂದಿಗೂ ನನ್ನ ಮೈ ಅರ್ಥ ಮಾಡಿಕೊಳ್ಳುವುದು ಆ ಪದವನ್ನೇ. ಆ ದಿನವಿಡೀ ನಾವು ಹಿತ್ತಲಿಗೂ ಜಗಲಿಗೂ ಓಡಾಡಿ, ಸಂಜೆಗೆ ಗಂಜಿ ಕುಡಿದು, ಬಾಳೆಲೆಯಂತೆ ಒರಗಿರುತ್ತಿದ್ದೆವು. ಮಾರನೆಯ ದಿನ ತಲೆಗೆ ಎಣ್ಣೆ ಬಡಿದು, ಸೀಗೆಪುಡಿ ಕಣ್ಣಿಗೆ ಹಾಕಿ, ಹಂಡೆಯ ನೀರು ಹೊಯ್ದು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿದರೆ ಒಂದು ವರ್ಷದ ಆರೋಗ್ಯ ಜಮೆ. ಇಷ್ಟನ್ನು ಅಜ್ಜಿ ಪುಗಸಟ್ಟೆ ಮಾಡುತ್ತಿದ್ದಳು. ಇದಕ್ಕೀಗ ವಾರಗಟ್ಟಲೆ ಮೊದಲೇ ಹೆಸರು ಬರೆಸಬೇಕು.

ಬರೆಸಿದೆವು. ಇಬ್ಬರಿಗೆ ಒಂದು ಕೋಣೆ, ಮೇ ತಿಂಗಳ ಹತ್ತು ದಿನ. ಹೊರಡಲು ಒಂದು ವಾರವಿದೆ ಎನ್ನುವಾಗ ಶಾಹಿದಾ ಫೋನು ಮಾಡಿದಳು. ಮಗಳಿಗೆ ಗಂಡು ಗೊತ್ತಾಗಿತ್ತು. ಹುಡುಗನ ಕಡೆಯವರು ಅದೇ ತಿಂಗಳು ನಿಕಾಹ್ ಆಗಲಿ ಎಂದಿದ್ದರು. "ಮಾಫ್ ಮಾಡಿ ಮೇಡಂ, ನಮ್ ಸಮೀಕರಣ ಬದ್ಲಾಯ್ತು" ಎಂದಳು. ದನಿಯಲ್ಲಿ ಅಷ್ಟೊಂದು ಸಂತೋಷವಿದ್ದಾಗ ಬೇಜಾರು ಮಾಡಿಕೊಳ್ಳುವುದು ಹೇಗೆ? ಮಾಡಿಕೊಳ್ಳಲಿಲ್ಲ. ಬೇಜಾರಾದದ್ದು ಸಂಜೆ. ನಮ್ಮ ಮನೆಯವರು ನನ್ನನ್ನು ಕೇಳದೆಯೇ ಚಿಂತಾಮಣಿಗೆ ಫೋನು ಮಾಡಿ ತಮ್ಮ ಅಕ್ಕನನ್ನು ಒಪ್ಪಿಸಿಬಿಟ್ಟಿದ್ದರು.

"ಅಕ್ಕಂಗೂ ಮಂಡಿನೋವು. ಡಾಕ್ಟ್ರು ತೂಕ ಇಳಿಸಿ, ಇಲ್ದಿದ್ರೆ ಆಪರೇಷನ್ ಅಂದಿದಾರಂತೆ. ಒಬ್ಳೇ ಹೋಗೋ ಬದ್ಲು ಜೊತೆ ಆಯ್ತಲ್ಲ" ಎಂದರು, ಉಪಕಾರ ಮಾಡಿದವರ ಹಾಗೆ.

ಕಾಂತಕ್ಕನನ್ನು ನೀವು ನೋಡಿಲ್ಲ. ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮೆಸ್ ನಡೆಸುತ್ತಿದ್ದಳು. ಕಂಡಕ್ಟರುಗಳು, ಕಾಲೇಜಿನ ಲೆಕ್ಚರರುಗಳು, ಕೋರ್ಟಿನ ಗುಮಾಸ್ತರು ಎಲ್ಲರೂ ಅಲ್ಲಿಯೇ ಊಟಕ್ಕೆ ಬರುತ್ತಿದ್ದರು. ಗಂಡ ಹೋದ ಮೇಲೆ ಮಗಳು ಸವಿತಾಳನ್ನು ಕಟ್ಟಿಕೊಂಡು ಶುರು ಮಾಡಿದ್ದು. ದೊಡ್ಡ ಮೈಕಟ್ಟು, ಅದಕ್ಕಿಂತ ದೊಡ್ಡ ಗಂಟಲು. ನಾನು ಮದುವೆಯಾಗಿ ಬಂದ ಮೊದಲ ವಾರ, ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿರುವಾಗ ನಾನು ಮಾಡಿದ ಸಾರನ್ನು ಬಾಯಿಗಿಟ್ಟು, "ಯಾರೇ ಇದು, ಪಾತ್ರೆ ತೊಳೆದ ನೀರು ಬಡಿಸ್ದೋರು?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ, ಆಮೇಲೆ ಹಿತ್ತಲಿಗೆ ಹೋಗಿ ಅತ್ತಿದ್ದೆ. ಇಪ್ಪತ್ತೆರಡು ವರ್ಷ ಅವಳ ಮುಂದೆ ಉಪ್ಪಿನ ಡಬ್ಬ ತೆರೆಯುವಾಗಲೂ ನನ್ನ ಕೈ ಹಿಂದೆ ಮುಂದೆ ನೋಡುತ್ತಿತ್ತು. ಇಂಥವಳ ಜೊತೆ, ಒಂದೇ ಕೋಣೆಯಲ್ಲಿ, ನಿದ್ದೆ ಹುಡುಕಿಕೊಂಡು ಹತ್ತು ದಿನ!

ಹೊರಡುವ ದಿನ ಕಾಂತಕ್ಕ ಶಿಡ್ಲಘಟ್ಟದ ಮೇಲೆ ಬಸ್ಸಿನಲ್ಲಿ ಬಂದಿಳಿದಳು. ಕೈಯಲ್ಲಿ ಒಂದು ಬುಟ್ಟಿ ಮಾವಿನಹಣ್ಣು. "ಅಲ್ಲಿ ಊಟ ಕೊಡಲ್ಲವಂತೆ. ಹಿಂದೂ ಮುಂದೂ ಯೋಚ್ನೆ ಮಾಡ್ದೆ ಹೆಂಗಮ್ಮ ಹೋಗೋದು?" ಎಂದಳು. ಗೌರಿಬಿದನೂರಿನವರೆಗೆ ದಾರಿಯುದ್ದಕ್ಕೂ ಮೆಸ್ಸಿಗೆ ಫೋನು. "ಸವಿತಾ, ಬೇಳೆ ನೆನೆಹಾಕಿದ್ಯಾ? ಆ ಲೆಕ್ಚರರ್ ಮಜ್ಜಿಗೆ ಬ್ಯಾಡ ಅಂತಾನೆ, ಹಾಕ್ಬ್ಯಾಡ. ಮೂರನೇ ಒಲೆ ಸಣ್ಣಗೆ ಉರೀತದೆ, ನೋಡ್ಕೋ." ಬಸ್ಸಿನ ಅರ್ಧ ಜನಕ್ಕೆ ಆ ಮೆಸ್ಸಿನ ಅಡುಗೆ ಬಾಯಿಪಾಠವಾಯಿತು.

ಚಿಕಿತ್ಸಾಲಯದ ಬಾಗಿಲಲ್ಲೇ ಮಾವಿನ ಬುಟ್ಟಿಯೂ ಹೋಯಿತು, ಮೊಬೈಲುಗಳೂ ಹೋದವು. ಮೊಬೈಲನ್ನು ಕಾಂತಕ್ಕ ಸುಲಭಕ್ಕೆ ಬಿಡಲಿಲ್ಲ.

"ನಮ್ ಮೆಸ್ಸು ಹತ್ಕೊಂಡು ಉರಿದ್ರೆ ನಂಗೆ ಯಾರು ಹೇಳ್ತಾರೆ?"

ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಮುಗುಳ್ನಗುತ್ತಲೇ ಕೇಳಿದಳು, "ಹತ್ಕೊಂಡ್ರೆ ನೀವು ಇಲ್ಲಿಂದ ಏನ್ಮಾಡ್ತೀರಮ್ಮ?"

ಕಾಂತಕ್ಕ ಮೊಬೈಲನ್ನು ಮೇಜಿನ ಮೇಲಿಟ್ಟಳು. ಅವಳ ಮಾತಿಗೆ ಯಾರೋ ತಡೆ ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹುಡುಗಿಯ ಮೇಲೆ ನನಗೆ ಭಕ್ತಿಯೇ ಹುಟ್ಟಿತು.

ಆಮೇಲೆ ಎರಡು ಫಾರಂ ಕೊಟ್ಟರು. ಹೆಸರು, ವಯಸ್ಸು, ಕಾಯಿಲೆ, ಕೊನೆಗೆ ಒಂದು ಸಾಲು: ಇಲ್ಲಿಗೆ ಯಾಕೆ ಬಂದಿರಿ? ಕಾಂತಕ್ಕ ತೆಲುಗು ಓದುತ್ತಿದ್ದಳು, ಕನ್ನಡ ಬರೆಯುವುದಕ್ಕೆ ಕೈ ತಿರುಗುತ್ತಿರಲಿಲ್ಲ. ಅವಳ ಫಾರಂ ನಾನೇ ಬರೆದೆ. ಕೊನೆಯ ಸಾಲಿಗೆ ಬಂದಾಗ, "ಬರ್ಕೋ. ಮಂಡಿ ನೋಯ್ತದೆ, ಸೊಂಟ ನೋಯ್ತದೆ. ನಿಂತ್ಕೊಂಡು ನಿಂತ್ಕೊಂಡು ಸಾಕಾಗೈತೆ. ಅಷ್ಟೇ" ಎಂದಳು. ಹಾಗೆಯೇ ಬರೆದೆ. ನನ್ನ ಫಾರಂ ತುಂಬಿಸುವಾಗ ಮಾತ್ರ ಪೆನ್ನು ತಡೆಯಿತು. ನಿದ್ದೆ ಬರುವುದಿಲ್ಲ, ಶಾಲೆ ನಿಭಾಯಿಸಲಾಗುತ್ತಿಲ್ಲ ಎಂದು ಬರೆದರೆ ಪಕ್ಕದಲ್ಲಿ ಕೂತವಳು ಏನೆಂದುಕೊಂಡಾಳು? ಆಕೆ ಕನ್ನಡ ಬರೆಯಲಾರಳೇ ಹೊರತು ಕಣ್ಣಾಡಿಸಬಲ್ಲಳು. ಗೌರವವಾಗಿ ಕಾಣಲಿ ಎಂದು "ತೂಕ ಇಳಿಸುವುದಕ್ಕೆ" ಎಂದು ಬರೆದೆ. ಡಾಕ್ಟರು ಒಮ್ಮೆ ಫಾರಂ ನೋಡಿ ಒಮ್ಮೆ ನನ್ನನ್ನು ನೋಡಿದಳು. ಇಬ್ಬರಿಗೂ ಹಸಿರು ಜುಬ್ಬ ಪೈಜಾಮ ಕೊಟ್ಟು ಕಳಿಸಿದಳು.

ತೂಕ ಇಳಿಸುವವರಿಗೆ ಅಲ್ಲಿ ಏನು ಸಿಗುತ್ತದೆ ಎಂದು ಕೇಳಿ. ಬೆಳಿಗ್ಗೆ ಬೂದುಗುಂಬಳದ ರಸ. ಹತ್ತು ಗಂಟೆಗೆ ನಿಂಬೆ ನೀರು. ಮಧ್ಯಾಹ್ನ ಬೂದುಗುಂಬಳದ ರಸ. ಸಂಜೆ ಒಂದು ಹೋಳು ಪಪಾಯ, ಅದನ್ನು ಮೂವತ್ತೆರಡು ಸಲ ಅಗಿಯಬೇಕು ಎಂಬ ಅಪ್ಪಣೆ. ಕಟಿಸ್ನಾನ ಎಂದು ತಣ್ಣೀರಿನ ತೊಟ್ಟಿಯಲ್ಲಿ ಅರ್ಧ ದೇಹ ಮುಳುಗಿಸಿ ಕೂರಿಸಿದರು. ಕಾಲು ಹೊರಗೆ, ತಲೆ ಹೊರಗೆ, ನಡುವೆ ಮಾತ್ರ ನೀರು. ಹೊಟ್ಟೆಯ ಮೇಲೆ ಕೆರೆಮಣ್ಣಿನ ಪಟ್ಟಿ ಹಾಕಿಸಿಕೊಂಡು ಸೂರು ನೋಡುತ್ತಾ ಮಲಗಿದಾಗ, ಇನ್ನೊಂದು ಮಳೆ ಬಿದ್ದರೆ ರಾಗಿ ಮೊಳೆಯಬಹುದು ಅನ್ನಿಸಿತು. ರಾಗಿ ಎಂದದ್ದೇ ತಡ, ಮುದ್ದೆ ನೆನಪಾಯಿತು. ಮುದ್ದೆಯಿಂದ ಸೊಪ್ಪಿನ ಉಪ್ಪುಸಾರು, ಅಲ್ಲಿಂದ ಹುರಿದ ಸಂಡಿಗೆ. ಆ ದಿನ ನಾನು ಬೇರೇನನ್ನೂ ಧ್ಯಾನಿಸಲಿಲ್ಲ.

ಕಾಂತಕ್ಕ ಮೊದಲ ದಿನ ಗೊಣಗಿದಳು. ರಸದ ಲೋಟ ಮೂಸಿ, "ಒಂದು ಚಿಟಿಕೆ ಉಪ್ಪು, ಒಂದ್ ಹಸಿಮೆಣಸಿನಕಾಯಿ ಹಾಕಿದ್ರೆ ಮನುಷ್ರು ಕುಡೀಬೋದಾಗಿತ್ತು" ಎಂದಳು. ಎರಡನೇ ದಿನ ಅವಳನ್ನು ಎಣ್ಣೆ ಮಾಲೀಸಿಗೆ ಕರೆದರು. ಮಾಲೀಸು ಮಾಡುವವಳು ನಗರಗೆರೆಯ ಲಕ್ಷ್ಮಮ್ಮ, ನಗುಮುಖದ ಹೆಂಗಸು. "ಬೇರೆಯೋರ್ ಕೈಲಿ ಮೈ ಮುಟ್ಟಿಸ್ಕೊಳ್ಳೋದಾ! ಬ್ಯಾಡಮ್ಮ" ಎಂದು, ಇನ್ನೂ ಸೀರೆಯಲ್ಲೇ ಇದ್ದ ಕಾಂತಕ್ಕ ಸೆರಗು ಬಿಗಿದಳು. ಲಕ್ಷ್ಮಮ್ಮ ತೆಲುಗಿನಲ್ಲಿ "ರಾ ಅಕ್ಕಾ, ಪರವಾಲೇದು" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಅಡ್ಡಿಯಿಲ್ಲ ಬಾ ಎಂಬ ಅಷ್ಟು ಮಾತಿಗೇ ಕಾಂತಕ್ಕ ಮಗುವಿನಂತೆ ಹಿಂದೆ ಹೋದದ್ದು ನನಗೆ ಆಶ್ಚರ್ಯ.

ಒಂದು ಗಂಟೆಯಾದ ಮೇಲೆ ಕೋಣೆಗೆ ಬಂದಳು. ಮುಖ ಎಣ್ಣೆಯಲ್ಲಿ ಹೊಳೆಯುತ್ತಿತ್ತು, ಕಣ್ಣು ಕೆಂಪಾಗಿತ್ತು. ನನಗೆ ದಿಗಿಲಾಯಿತು.

"ಏನಾಯ್ತಕ್ಕ? ನೋವಾಯ್ತಾ?"

"ಇಲ್ಲ ಕಣೇ" ಎಂದು ಮಂಚದ ಮೇಲೆ ಕೂತಳು. "ತಲೆಗೆ ಎಣ್ಣೆ ಹಾಕಿದ್ಲು. ನಮ್ಮಮ್ಮ ಸತ್ತ ಮೇಲೆ ನನ್ ತಲೆ ಯಾರೂ ಮುಟ್ಟಿರ್ಲಿಲ್ಲ. ಮೂವತ್ತು ವರ್ಷದ ಮೇಲಾಯ್ತು. ಅಳು ಬಂದ್ಬಿಡ್ತು. ಅವ್ಳು ಏನೂ ಕೇಳ್ಲಿಲ್ಲ, ಸುಮ್ನೆ ತಟ್ಕೊಂಡೇ ಇದ್ಲು."

ಹೇಳಿ ಮಲಗಿದಳು. ಮಧ್ಯಾಹ್ನದ ರಸಕ್ಕೂ ಏಳಲಿಲ್ಲ, ಸಂಜೆಯ ಪಪಾಯಕ್ಕೂ ಏಳಲಿಲ್ಲ. ನಾನು ಎರಡು ಸಲ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದೆ. ಎದ್ದವಳು ಬೇರೆಯೇ ಕಾಂತಕ್ಕ. ಮಾರನೆಯ ದಿನದಿಂದ ಎಲ್ಲರಿಗಿಂತ ಮೊದಲು ಹಸಿರು ಪೈಜಾಮ ತೊಟ್ಟು ಸಿದ್ಧಳಾಗುತ್ತಿದ್ದಳು. ಜೀವನದಲ್ಲಿ ಮೊದಲ ಸಲ ಪೈಜಾಮ ತೊಟ್ಟವಳು ಕನ್ನಡಿಯ ಮುಂದೆ ಕಾಲು ಅಗಲಿಸಿ ನಿಂತು, "ಎಷ್ಟ್ ಸಲೀಸಾಗೈತೆ ನೋಡೇ! ಗಂಡಸ್ರು ಇಷ್ಟು ದಿನ ನಮ್ಗೆ ಹೇಳ್ದೆ ಇಟ್ಕೊಂಡಿದ್ರಲ್ಲ!" ಎಂದಳು. ನಗುವ ಯೋಗ ಎಂದು ಬೆಳಿಗ್ಗೆ ಎಲ್ಲರನ್ನೂ ಸುಮ್ಮನೆ ನಗಿಸುತ್ತಿದ್ದರು. ಅಲ್ಲಿ ಕಾಂತಕ್ಕ ನಕ್ಕರೆ ಗುಡ್ಡದ ಮೇಲಿನ ನವಿಲುಗಳು ಉತ್ತರ ಕೊಡುತ್ತಿದ್ದವು. ಅದನ್ನು ಕೇಳಿ ಉಳಿದವರು ನಿಜವಾಗಿಯೂ ನಗುತ್ತಿದ್ದರು.

ನಾನು? ಪುರವಣಿ ಕತ್ತರಿಸಿ, ಅಂಕ ಹಾಕಿ, ವಾರಗಟ್ಟಲೆ ಕನಸು ಕಂಡ ನಾನು, ಮೂರನೇ ದಿನ ಬಚ್ಚಲಿನಲ್ಲಿ ಅವಿತು ಕೂತು ಕಡಲೆಕಾಯಿ ಚಿಕ್ಕಿ ತಿನ್ನುತ್ತಿದ್ದೆ. ಮೊದಲೇ ಯೋಚಿಸಿ ಪೆಟ್ಟಿಗೆಯಲ್ಲಿ ಲಂಗಗಳ ಮಡಿಕೆಯೊಳಗೆ ಇಟ್ಟುಕೊಂಡು ಬಂದದ್ದು. ಕಟಕಟ ಶಬ್ದ ಕೇಳದಿರಲಿ ಎಂದು ನಲ್ಲಿ ಬಿಟ್ಟಿದ್ದೆ. ಹೊರಗಿನಿಂದ ಕಾಂತಕ್ಕನ ದನಿ ಬಂತು.

"ವಿಮಲಾ, ನಲ್ಲಿ ನೀರು ಕಡೀತಿದೀಯೇನೇ?"

ಬಾಯಲ್ಲಿದ್ದದ್ದು ಹಾಗೆಯೇ ನಿಂತಿತು. ಪ್ರಭಾರ ಮುಖ್ಯೋಪಾಧ್ಯಾಯಿನಿ ಬಾಗಿಲು ತೆರೆದು, ತಲೆ ತಗ್ಗಿಸಿ, ಚಿಕ್ಕಿಯ ಪೊಟ್ಟಣ ಮುಂದೆ ಚಾಚಿದಳು. ಅವಳೂ ಒಂದು ತೆಗೆದುಕೊಂಡರೆ ನನ್ನ ಪಾಪ ಹಂಚಿಹೋಗುತ್ತಿತ್ತು.

"ನಂಗೆ ಬ್ಯಾಡಮ್ಮ. ನಾಳೆ ತೂಕ ನೋಡ್ತಾರೆ" ಎಂದಳು ಕಾಂತಕ್ಕ.

ಆ ಸಂಜೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತಾಗ ಹೇಳಿಯೇಬಿಟ್ಟೆ. "ಅಕ್ಕ, ನಂಗಿದು ಒಗ್ತಿಲ್ಲ. ತಲೆನೋವು, ಹಸಿವು, ನಿದ್ದೆ ಮೊದಲಿಗಿಂತ ಕಮ್ಮಿ. ನಾಳೆ ಮನೆಗೆ ಹೋಗಣ."

"ನೀನು ಹೋಗೋದಾದ್ರೆ ಹೋಗು. ನಾನಿರ್ತೀನಿ."

ಮೆಸ್ ಬಿಟ್ಟು ಒಂದು ದಿನ ಇರಲಾರದವಳ ಮಾತೇ ಇದು? ನನಗೆ ಅಳು ಬರುವಂತಾಯಿತು. ಆರಿಸಿದ್ದು ನಾನು, ಸುಖಪಡುತ್ತಿರುವುದು ಅವಳು. ಮನೆಗೆ ಹೋದರೆ ಮತ್ತೆ ಅದೇ ರಾತ್ರಿಗಳು, ಜೂನ್‌ನಲ್ಲಿ ಅದೇ ಕುರ್ಚಿ, ಆಮೇಲೆ ಮಾತ್ರೆ ಡಬ್ಬಿ.

ಕಾಂತಕ್ಕ ಎದ್ದು ಕಚೇರಿಯತ್ತ ಕುಂಟುತ್ತಾ ಹೋಗಿ, ಬರುವಾಗ ಕೈಯಲ್ಲಿ ಒಂದು ಖಾಲಿ ಫಾರಂ, ಒಂದು ಪೆನ್ನು ಹಿಡಿದು ಬಂದಳು.

"ನನ್ ಫಾರಂ ನೀನು ಬರ್ದೆ. ನಾನು ಹೇಳಿದ್ದನ್ನ ಹೇಳ್ದಂಗೇ ಬರ್ದೆ, ಅದುಕ್ಕೇ ನಂಗೆ ಸರ್ಯಾಗಿ ಕೊಡ್ತಾವ್ರೆ. ನಿಂದು ಸುಳ್ಳು ಬರ್ದಿದೀಯ. ತೂಕ ಇಳಿಸ್ತಾಳಂತೆ, ಗಾಳಿ ಬಂದ್ರೆ ಹಾರೋಗೋಳು! ಈಗ ನಾನ್ ಹೇಳ್ತೀನಿ, ಬರ್ಕೋ."

ನಾನು ಬಾಯಿ ಬಿಟ್ಟುಕೊಂಡು ಪೆನ್ನು ಹಿಡಿದೆ.

"ನಿದ್ದೆ ಬರಲ್ಲ. ರಾತ್ರಿ ಪಕ್ಕದ ಮಂಚದಲ್ಲಿ ಹೊರಳಾಡ್ತಾಳೆ. ಬರದ್ಯಾ? ಎಲ್ಲಾ ತಾನೇ ಮಾಡ್ಬೇಕು ಅಂತಾಳೆ. ಆಗಲ್ಲ ಅನ್ನಕ್ಕೆ ನಾಚ್ಕೆ. ಬರಿ. ಯಾರಾದ್ರೂ ಏನಾದ್ರೂ ಅಂದ್ರೆ ಇಪ್ಪತ್ತು ವರ್ಷ ಮನಸ್ಸಲ್ಲಿ ಇಟ್ಕೊತಾಳೆ."

ಪೆನ್ನು ನಿಂತಿತು.

"ಆ ಸಾರಿನ ವಿಷ್ಯ ನಿಮಗೆ ನೆನಪಿದೆಯಾ ಅಕ್ಕ?"

"ನೆನಪಿಲ್ದೆ? ಅವತ್ತಿಂದ ನೀನು ನಂಗೆ ಒಂದ್ಸಲನೂ ಸಾರು ಬಡ್ಸಿಲ್ಲ. ನಾನು ಬಂದ್ರೆ ಹುಳಿ ಮಾಡ್ತೀಯ, ಗೊಜ್ಜು ಮಾಡ್ತೀಯ, ಮಜ್ಜಿಗೆಹುಳಿ ಮಾಡ್ತೀಯ. ಸಾರು ಮಾತ್ರ ಇಲ್ಲ. ನಾನೇನು ಗಮನಿಸಿಲ್ಲ ಅಂದ್ಕೊಂಡ್ಯಾ? ಅಡುಗೆ ಮಾಡೋಳು ನಾನು."

ಅವಳ ದನಿ ತಗ್ಗಿತು.

"ನೀನು ಮನೇಗೆ ಬಂದಾಗ ಮಧ್ಯಾಹ್ನದ ಹೊತ್ತು ಪುಸ್ತಕ ಹಿಡ್ಕೊಂಡು ಕಿಟಕಿ ಹತ್ರ ಕೂತ್ಕೊತಿದ್ದೆ. ನಂಗೆ ಹೊಟ್ಟೆಕಿಚ್ಚು. ನಂಗೆ ಓದೋದು ಇರ್ಲಿ, ಸುಮ್ನೆ ಕೂತ್ಕೊಳ್ಳೋದೇ ಗೊತ್ತಿರ್ಲಿಲ್ಲ. ಅದುಕ್ಕೇ ಅಂದ್ಬಿಟ್ಟೆ. ಸಾರು ಚೆನ್ನಾಗೇ ಇತ್ತು ಕಣೇ. ಹುಣಿಸೆಹಣ್ಣು ಒಂಚೂರು ಕಮ್ಮಿ, ಅಷ್ಟೇ."

ಕ್ಷಮೆ ಕೇಳುವಾಗಲೂ ಹುಣಿಸೆಹಣ್ಣು ಬಿಡಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಅದು ನವಿಲಿಗೆ ಕೇಳುವಂಥ ನಗೆಯಲ್ಲ, ಸಣ್ಣದು. ನಕ್ಕು ನಕ್ಕು ನನ್ನ ಕಣ್ಣಿನಿಂದ ನೀರು ಬಂದು ಫಾರಮ್ಮಿನ ಮೇಲೆ ಬಿದ್ದು, "ನಾಚ್ಕೆ" ಎಂಬ ಅಕ್ಷರ ಹರಡಿಕೊಂಡಿತು.

ಬೆಳಿಗ್ಗೆ ಆ ಫಾರಮ್ಮನ್ನೇ ಡಾಕ್ಟರಿಗೆ ಕೊಟ್ಟೆ. ಚಿಕ್ಕಿಯ ಪೊಟ್ಟಣವನ್ನೂ ಕೊಟ್ಟೆ. ಹುಡುಗಿ ಓದಿ, ನಗು ಅದುಮಿಟ್ಟುಕೊಂಡು, "ಮೊದಲ್ನೇ ದಿನವೇ ಅನುಮಾನ ಬಂತು ಮೇಡಂ. ನಾನೇ ಬಿಡದೆ ಕೇಳ್ಬೇಕಿತ್ತು. ಒಬ್ಬರಿಗೆ ಹೊಂದೋದು ಇನ್ನೊಬ್ಬರಿಗೆ ಹೊಂದಲ್ಲ. ನಿಮಗೆ ಉಪವಾಸ ಬೇಡ" ಎಂದಳು. ಆ ಕ್ಷಣದಿಂದ ನನ್ನ ಪಾಲಿಗೆ ಬೆಂದ ಊಟ ಬಂತು. ಪುಟ್ಟದಾದರೂ ಮುದ್ದೆಯೇ, ಜೊತೆಗೆ ಸೊಪ್ಪು. ಅದನ್ನು ಮೂವತ್ತೆರಡು ಸಲ ಅಗಿಯುವ ಅಪ್ಪಣೆಯಿರಲಿಲ್ಲ, ಮುದ್ದೆಯನ್ನು ಅಗಿಯಬಾರದೆಂದು ಡಾಕ್ಟರಿಗೂ ಗೊತ್ತಿತ್ತು. ತಣ್ಣೀರ ತೊಟ್ಟಿ ತಪ್ಪಿತು. ಸಂಜೆ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು ಕೂರುವುದು, ಬೆಳಿಗ್ಗೆ ಹಿಪ್ಪುನೇರಳೆ ತೋಟದ ಬದಿಯಲ್ಲಿ ನಡಿಗೆ. ಇನ್ನೊಂದು ಚಿಕಿತ್ಸೆ ವಿಚಿತ್ರವಾಗಿತ್ತು. ಶಾಲೆಯ ಯಾವ ಯಾವ ಕೆಲಸ ನಾನೇ ಮಾಡುತ್ತಿದ್ದೇನೆಂದು ಬರೆದು, ಪ್ರತಿಯೊಂದರ ಎದುರಿಗೆ ನನ್ನದಲ್ಲದ ಒಂದು ಹೆಸರು ಬರೆಯಬೇಕು. ಎರಡು ದಿನ ಹಿಡಿಯಿತು. ಸೈಕಲ್ಲಿನ ಎದುರಿಗೆ ದೈಹಿಕ ಶಿಕ್ಷಕರ ಹೆಸರು ಬರೆದಾಗ, ಹೆಗಲಿನಿಂದ ಅಷ್ಟೂ ಸೈಕಲ್ಲುಗಳು ಇಳಿದು ಉರುಳಿಕೊಂಡು ಹೋದ ಹಾಗಾಯಿತು.

ನಿದ್ದೆ ಬಂದದ್ದು ಏಳನೇ ದಿನ, ಯೋಗದ ಹಜಾರದಲ್ಲಿ, ಬೆಳಗಿನ ಒಂಬತ್ತು ಗಂಟೆಗೆ. ಶವಾಸನ ಮಾಡಿ ಎಂದರು, ಮಾಡಿದೆ. ಕಣ್ಣು ಬಿಟ್ಟಾಗ ಹಜಾರ ಖಾಲಿ. ಗಡಿಯಾರದಲ್ಲಿ ಹನ್ನೊಂದೂವರೆ. ಕಾಂತಕ್ಕ ಒಬ್ಬಳೇ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು, ಹಸಿರು ಪೈಜಾಮದ ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದಳು.

"ಎದ್ಯಾ? ಏನ್ ಗೊರಕೆ ಹೊಡೀತೀಯೇ! ಎಲ್ರೂ ಶವಾಸನದಲ್ಲಿ ಶವ ಆಗಕ್ಕೆ ನೋಡ್ತಾವ್ರೆ, ನಿನ್ ಗೊರಕೆಗೆ ಒಬ್ರಿಗೂ ಆಗ್ಲಿಲ್ಲ. ಯೋಗದ ಸರ್ ಎಬ್ಬಿಸ್ತೀನಿ ಅಂದ್ರು. ಮುಟ್ಟಿ ನೋಡಿ ಅಂದೆ. ಎಲ್ರನ್ನೂ ತುದಿಗಾಲಲ್ಲಿ ಆಚೆ ಕಳಿಸ್ದೆ."

ಎರಡೂವರೆ ಗಂಟೆ ಆಕೆ ಆ ಬಾಗಿಲು ಕಾದಿದ್ದಳು. ಅಷ್ಟು ಹೊತ್ತಿನಲ್ಲಿ ತನ್ನ ಮಾಲೀಸಿನ ಸರದಿಯನ್ನೂ ತಪ್ಪಿಸಿಕೊಂಡಿದ್ದಳು. ಅದನ್ನು ನನಗೆ ಹೇಳಿದ್ದು ಆಮೇಲೆ ಲಕ್ಷ್ಮಮ್ಮ. ಆ ಮೇಲಿನ ಮೂರು ದಿನ ನಾನು ರಾತ್ರಿಯೂ ಮಲಗಿದೆ, ಮಧ್ಯಾಹ್ನವೂ ಮಲಗಿದೆ, ಒಮ್ಮೆ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟುಕೊಂಡು ಕೂತಲ್ಲೇ ತೂಕಡಿಸಿದೆ.

ಇಷ್ಟು ಹೇಳಿದ್ದಕ್ಕೆ ನೀವೂ ಎಲ್ಲಿಗಾದರೂ ಹೋಗುವ ಮನಸ್ಸು ಮಾಡಿದರೆ, ಸಮುದ್ರಕ್ಕೆ ಹೋಗಿ, ಬೆಟ್ಟಕ್ಕೆ ಹೋಗಿ, ದಾಸವಾಳ ಇಟ್ಟುಕೊಂಡು ಮಲಗಿ, ನನ್ನದೇನೂ ತಕರಾರಿಲ್ಲ. ಫಾರಮ್ಮಿನ ಕೊನೆಯ ಸಾಲನ್ನು ಮಾತ್ರ ನಿಮ್ಮನ್ನು ಚೆನ್ನಾಗಿ ಬಲ್ಲವರ ಕೈಲಿ ಹೇಳಿಸಿಕೊಂಡು ಬರೆಯಿರಿ. ನೀವೇ ಬರೆದರೆ ನನ್ನ ಹಾಗೆ ಬೂದುಗುಂಬಳ ಕುಡಿಯಬೇಕಾಗುತ್ತದೆ.

ಹತ್ತನೇ ದಿನ ಕಾಂತಕ್ಕನ ತೂಕ ಮೂರು ಕಿಲೋ ಇಳಿದಿತ್ತು, ನನ್ನದು ಒಂದು ಕಿಲೋ ಏರಿತ್ತು. ಮೊಬೈಲ್ ಕೈಗೆ ಕೊಟ್ಟಾಗ ಕಾಂತಕ್ಕ ಅದನ್ನು ತಿರುಗಿಸಿ ನೋಡಿ ಚೀಲದೊಳಗೆ ಹಾಕಿಕೊಂಡಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊಲ ನೋಡುತ್ತಿದ್ದಳು. ಚಿಕ್ಕಬಳ್ಳಾಪುರದಲ್ಲಿ ನಾನು ಇಳಿಯಬೇಕಿತ್ತು. ಇಳಿದು, ಮತ್ತೆ ಅವಳ ಜೊತೆ ಚಿಂತಾಮಣಿಯ ಬಸ್ಸು ಹತ್ತಿದೆ. "ನೀನ್ಯಾಕೆ?" ಎಂದಳು. "ರಜಾ ಇನ್ನೂ ಇದೆ" ಎಂದೆ.

ನಾವು ಹೋಗಿ ಸೇರುವ ಹೊತ್ತಿಗೆ ಮೆಸ್ಸಿನಲ್ಲಿ ಊಟದ ಗದ್ದಲ. ಮೆಸ್ ಹತ್ತಿಕೊಂಡು ಉರಿದಿರಲಿಲ್ಲ. ಸವಿತಾ ಒಂದು ಕೈಯಲ್ಲಿ ಅನ್ನದ ತಟ್ಟೆ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಓಡಾಡುತ್ತಿದ್ದಳು. ಅಮ್ಮನನ್ನು ಕಂಡವಳೇ ಗಾಬರಿಯಿಂದ ನಿಂತಳು. ಏನು ತಪ್ಪು ಹಿಡಿಯುತ್ತಾಳೋ ಎಂಬ ಭಯ ಮುಖದಲ್ಲಿ. ಆ ಭಯ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಕಾಂತಕ್ಕ ಚೀಲ ಗೋಡೆಗೆ ಒರಗಿಸಿದಳು. ಅಭ್ಯಾಸಬಲದಿಂದ ಸೆರಗು ಸೊಂಟಕ್ಕೆ ಸಿಕ್ಕಿಸಲು ಕೈ ಹೋಯಿತು. ಅಡುಗೆಮನೆಯತ್ತ ಎರಡು ಹೆಜ್ಜೆಯನ್ನೂ ಇಟ್ಟಳು. ನಿಂತಳು.

ತಿರುಗಿ ಬಂದು, ಊಟ ಮಾಡುತ್ತಿದ್ದ ಕಂಡಕ್ಟರೊಬ್ಬನ ಪಕ್ಕದ ಬೆಂಚಿನಲ್ಲಿ ಕೂತಳು. ಅವನು ಕೈಯಲ್ಲಿದ್ದ ತುತ್ತು ಹಿಡಿದುಕೊಂಡೇ ಸರಿದು ಜಾಗ ಬಿಟ್ಟ.

"ಸವಿತಾ, ನಂಗೊಂದು ಎಲೆ ಹಾಕಮ್ಮ" ಎಂದಳು ಕಾಂತಕ್ಕ.

ಸವಿತಾ ಎಲೆ ಹಾಕಿದಳು, ಮುದ್ದೆ ಇಟ್ಟಳು, ಅವರೆಬೇಳೆ ಹುಳಿ ಬಿಟ್ಟು ಪಕ್ಕದಲ್ಲೇ ಸೌಟು ಹಿಡಿದು ನಿಂತಳು. ಕಾಂತಕ್ಕ ಒಂದು ತುತ್ತು ಮುರಿದು, ಅದ್ದಿ, ನುಂಗಿದಳು. ಇನ್ನೊಂದು ತುತ್ತು ನುಂಗಿದಳು. ಮಗಳ ಮುಖ ನೋಡಿ, "ಚೆನ್ನಾಗೈತೆ. ಇನ್ನೊಂದ್ ಸೌಟು ಬಿಡು" ಎಂದಳು.

ಆಮೇಲೆ ಬಾಗಿಲಲ್ಲೇ ನಿಂತಿದ್ದ ನನ್ನ ಕಡೆ ತಿರುಗಿ, ಪಕ್ಕದ ಬೆಂಚನ್ನು ಎಡಗೈಯಿಂದ ತಟ್ಟಿದಳು.

"ಕೂತ್ಕೋ ಬಾರೆ. ಬಡಿಸೋರು ಅವ್ರೆ."